ಇಳಿಜಾರಿನಲ್ಲಿ ಟ್ರಾಕ್ಟರ್: ಮಗುಚಿದ ಮೇಲೆ ಟೈಮ್ ಇರಲ್ಲ, ಮುಂಚೆಯೇ ತಿಳಿದಿರಿ

ಮಧುಗಿರಿ: ‘ಟ್ರಾಕ್ಟರ್ ಮಗುಚಿ ಚಾಲಕ ಸಾವು’ ಅನ್ನೋ ಸುದ್ದಿ ನಮ್ಮ ಕಡೆ ಯಾರಿಗೂ ಹೊಸದಲ್ಲ. ಸುದ್ದಿ ಬಂದ ದಿನ ಊರಿನ ಕಟ್ಟೆ ಮೇಲೆ ಒಂದೇ ಮಾತು: ‘ಇಪ್ಪತ್ತು ವರ್ಷದಿಂದ ಗಾಡಿ ಓಡಿಸ್ತಿದ್ದ, ಅವನಿಗೇ ಹಿಂಗಾಯ್ತಲ್ಲ.’

ಇಪ್ಪತ್ತು ವರ್ಷ ಓಡಿಸಿದವರಿಗೂ ಹಾಗಾಗುತ್ತೆ. ಕಾರಣ ಇಷ್ಟೇ. ಟ್ರಾಕ್ಟರ್ ಹಿಂದಕ್ಕೆ ಮಗುಚೋಕೆ ಸುಮಾರು ಒಂದೂವರೆ ಸೆಕೆಂಡ್ ಸಾಕು. ಮುಂದಿನ ಚಕ್ರ ಎದ್ದು ಮುಕ್ಕಾಲು ಸೆಕೆಂಡ್ ಕಳೆದರೆ ಆಮೇಲೆ ತಡೆಯೋಕಾಗಲ್ಲ. ಅಪಾಯ ಕಣ್ಣಿಗೆ ಬಿದ್ದು, ಕಾಲು ಕ್ಲಚ್ ಮೇಲೆ ಹೋಗೋಕೇ ಅಷ್ಟು ಹೊತ್ತು ಹಿಡಿಯುತ್ತೆ. ಅಂದರೆ ಗಾಡಿ ಏಳೋಕೆ ಶುರುವಾದ ಮೇಲೆ ಅನುಭವ, ಕೈಚಳಕ ಯಾವುದೂ ಉಪಯೋಗಕ್ಕೆ ಬರಲ್ಲ. ಉಳಿಸೋದು ಇಳಿಜಾರಿಗೆ ಹೋಗುವ ಮುನ್ನ ಮಾಡಿದ ತೀರ್ಮಾನ: ಯಾವ ಗೇರು, ಎಷ್ಟು ಲೋಡು, ಸರಪಳಿ ಎಲ್ಲಿಗೆ ಕಟ್ಟಿದ್ದು, ಮಡ್‌ಗಾರ್ಡ್ ಮೇಲೆ ಯಾರು ಕೂತಿದ್ದಾರೆ.

ಟ್ರಾಕ್ಟರ್ ಇರುವವರು, ಬಾಡಿಗೆಗೆ ಕರೆಸುವವರು, ಅಂಗಡಿಗೆ ಟ್ರಾಕ್ಟರ್‌ನಲ್ಲಿ ಮಾಲು ತರಿಸುವವರು ಎಲ್ಲರಿಗೂ ಬೇಕಾದ ಮಾಹಿತಿ ಇಲ್ಲಿದೆ.

ನಮ್ಮಲ್ಲಿ ಇಳಿಜಾರು ಎಲ್ಲೆಲ್ಲಿದೆ?

ಇಳಿಜಾರು ಅಂದರೆ ಮಧುಗಿರಿ ಬೆಟ್ಟ, ಮಿಡಿಗೇಶಿ, ಚನ್ನರಾಯನದುರ್ಗ, ಸಿದ್ಧರಬೆಟ್ಟ, ನಿಡಗಲ್ ಬೆಟ್ಟದ ತಪ್ಪಲು ಅಂತ ಮಾತ್ರ ತಿಳ್ಕೋಬೇಡಿ. ಬೆಟ್ಟದ ಬುಡದಲ್ಲಿ ಎಲ್ಲರೂ ಹುಷಾರಾಗಿಯೇ ಇರ್ತಾರೆ. ಅಪಾಯ ಇರೋದು ದಿನಾ ಓಡಾಡೋ ಜಾಗದಲ್ಲಿ:

- ಡಾಂಬರು ರಸ್ತೆಯಿಂದ ಹೊಲಕ್ಕೆ ಇಳಿಯೋ ನಾಲ್ಕೇ ಮಾರು ದಾರಿ
- ಒಂದು ಹೊಲದಿಂದ ಇನ್ನೊಂದಕ್ಕೆ ದಾಟೋ ಬದು
- ಹಳ್ಳದ ದಂಡೆ, ಮಳೆ ನೀರು ಕೊರೆದ ಕೊರಕಲು
- ಕೆರೆ ಏರಿ, ಹೂಳು ತುಂಬಿಕೊಂಡು ಮೇಲೆ ಹತ್ತೋ ದಾರಿ
- ಕೃಷಿ ಹೊಂಡದ ಅಂಚು
- ಮನೆ ಕಟ್ಟೋ ಜಾಗದಲ್ಲಿ ಸುರಿದ ಮಣ್ಣಿನ ದಿಬ್ಬ

ನಮ್ಮ ಮಣ್ಣಿನ ಗುಣವೂ ಗಮನದಲ್ಲಿರಲಿ. ನಾಲ್ಕೂ ತಾಲ್ಲೂಕುಗಳಲ್ಲಿ ಕೆಂಪು ಮಣ್ಣು, ಗರಸು ಜಾಸ್ತಿ. ಒಣಗಿದ ಗರಸಿನ ಮೇಲೆ ಟೈರು ಗೋಲಿ ಮೇಲೆ ನಿಂತ ಹಾಗೆ ಜಾರುತ್ತೆ. ಕಡಲೆಕಾಯಿ ಬಿತ್ತನೆ ಹೊತ್ತಿಗೆ ಒಂದು ಹದ ಮಳೆ ಬಿದ್ದರೆ ಅದೇ ಜಾಗದಲ್ಲಿ ಕೆಸರು. ನಿನ್ನೆ ಸಲೀಸಾಗಿ ಹತ್ತಿದ ಏರು ಇವತ್ತು ಹಾಗೇ ಇರುತ್ತೆ ಅಂತ ನಂಬೋ ಹಾಗಿಲ್ಲ.

ಟ್ರಾಕ್ಟರ್ ಯಾಕೆ ಇಷ್ಟು ಸುಲಭವಾಗಿ ಮಗುಚುತ್ತೆ?

ಕಾರಿನ ತೂಕ ನೆಲಕ್ಕೆ ಹತ್ತಿರ ಇರುತ್ತೆ. ಟ್ರಾಕ್ಟರ್‌ನಲ್ಲಿ ಹಿಂದಿನ ಚಕ್ರ ದೊಡ್ಡದು, ನೆಲದಿಂದ ಎತ್ತರ ಜಾಸ್ತಿ. ಅದಕ್ಕೇ ತೂಕವೆಲ್ಲ ಮೇಲೆ ಕೂತಿರುತ್ತೆ. ಸಾಮಾನ್ಯ ಎರಡು ಚಕ್ರ ಎಳೆಯುವ ಟ್ರಾಕ್ಟರ್‌ನಲ್ಲಿ ತೂಕದ ಸುಮಾರು 70 ಪಾಲು ಹಿಂದಿನ ಚಕ್ರಗಳ ಮೇಲೆ, 30 ಪಾಲು ಮುಂದೆ. ಇಡೀ ಗಾಡಿಯ ತೂಕದ ಕೇಂದ್ರ ಹಿಂದಿನ ಆಕ್ಸಲ್‌ನಿಂದ ಎರಡು ಅಡಿ ಮುಂದೆ, ಆಕ್ಸಲ್‌ಗಿಂತ ಸುಮಾರು ಒಂದು ಗೇಣು ಮೇಲಿರುತ್ತೆ.

ಈ ತೂಕದ ಕೇಂದ್ರ ನಾಲ್ಕು ಚಕ್ರಗಳ ಒಳಗೆ ಇರೋವರೆಗೂ ಗಾಡಿ ನಿಲ್ಲುತ್ತೆ. ಪಕ್ಕಕ್ಕೆ ಚಕ್ರ ದಾಟಿ ಹೊರಗೆ ಹೋದರೆ ಮಗ್ಗುಲಾಗಿ ಬೀಳುತ್ತೆ. ಹಿಂದಕ್ಕೆ ಆಕ್ಸಲ್ ದಾಟಿದರೆ ಚಾಲಕನ ಮೇಲೆಯೇ ತಿರುಗಿ ಬೀಳುತ್ತೆ. 45 ಎಚ್‌ಪಿ ಟ್ರಾಕ್ಟರ್ ಅಂದರೆ ಹೆಚ್ಚುಕಮ್ಮಿ ಎರಡು ಟನ್ ತೂಕ. ಅದರ ಕೆಳಗೆ ಸಿಕ್ಕವರು ಬದುಕೋದು ಕಷ್ಟ.

ಕಣ್ಣಿಗೆ ಕಾಣದ ಎರಡು ಲೆಕ್ಕ

ಮೊದಲನೆಯದು ಕಲ್ಲು, ಬದು, ಗುಂಡಿಯ ಲೆಕ್ಕ. ಹಿಂದಿನ ಎರಡು ಚಕ್ರಗಳ ನಡುವೆ 130 ಸೆಂ.ಮೀ. ಅಂತರ ಇದೆ ಅಂತಿಟ್ಕೊಳ್ಳಿ. ಇಳಿಜಾರಿನಲ್ಲಿ ಅಡ್ಡ ಹೋಗುವಾಗ ಮೇಲ್ಬದಿಯ ಚಕ್ರ 20 ಸೆಂ.ಮೀ. ಎತ್ತರದ ಕಲ್ಲು ಹತ್ತಿದರೆ ಗಾಡಿ ಇನ್ನೂ 9 ಡಿಗ್ರಿ ವಾಲುತ್ತೆ. ಅದೇ ಹೊತ್ತಿಗೆ ಕೆಳಬದಿಯ ಚಕ್ರ ಅಷ್ಟೇ ಆಳದ ಗುಂಡಿಗೆ ಇಳಿದರೆ ಒಟ್ಟು 17 ಡಿಗ್ರಿ. ಹೊಲ ನೋಡೋಕೆ ಸಣ್ಣ ಇಳಿಜಾರು, ಆದರೆ ಆ ಒಂದು ಕ್ಷಣ ಚಕ್ರದ ಕೆಳಗೆ ಕಡಿದಾದ ಗುಡ್ಡ. ಒಂದು ಗೇಣು ಕಲ್ಲಿಗೆ ಗಾಡಿ ಮಗುಚೋದು ಹೀಗೆ.

ಎರಡನೆಯದು ವೇಗದ ಲೆಕ್ಕ. ತಿರುವಿನಲ್ಲಿ ಗಾಡಿಯನ್ನು ಹೊರಕ್ಕೆ ತಳ್ಳುವ ಬಲ ವೇಗ ಎರಡರಷ್ಟಾದರೆ ನಾಲ್ಕರಷ್ಟಾಗುತ್ತೆ. 8 ಮೀಟರ್ ತ್ರಿಜ್ಯದ ತಿರುವನ್ನು ಗಂಟೆಗೆ 10 ಕಿ.ಮೀ. ವೇಗದಲ್ಲಿ ತಿರುಗಿಸಿದರೆ, ಸಮತಟ್ಟು ನೆಲದಲ್ಲೂ 6 ಡಿಗ್ರಿ ಅಡ್ಡ ಇಳಿಜಾರಿನಲ್ಲಿ ನಿಂತಷ್ಟು ಪರಿಣಾಮ. 20 ಕಿ.ಮೀ. ವೇಗದಲ್ಲಿ ತಿರುಗಿಸಿದರೆ 21 ಡಿಗ್ರಿಯಷ್ಟು. ಇಳಿಜಾರಿನ ವಾಲು, ಕಲ್ಲಿನ ವಾಲು, ತಿರುವಿನ ತಳ್ಳು ಮೂರೂ ಒಟ್ಟಿಗೆ ಸೇರಿದಾಗ ಗಾಡಿ ಮಗುಚುತ್ತೆ. ಇಳಿಜಾರನ್ನು ನಾವು ಬದಲಾಯಿಸೋಕಾಗಲ್ಲ. ವೇಗ ಇಳಿಸೋದು ನಮ್ಮ ಕೈಲೇ ಇದೆ.

ಇಳಿಜಾರು ಅಳೆಯೋದು ಹೇಗೆ?

ಕಣ್ಣಂದಾಜು ಸಾಲಲ್ಲ. ಹತ್ತು ಅಡಿ ಉದ್ದದ ನೇರವಾದ ಗಳ ಅಥವಾ ಪಟ್ಟಿ, ಗಾರೆ ಮೇಸ್ತ್ರಿ ಹತ್ತಿರ ಇರೋ ರಸಮಟ್ಟ ಇಷ್ಟಿದ್ದರೆ ಸಾಕು. ಗಳದ ಒಂದು ತುದಿ ಮೇಲ್ಗಡೆ ನೆಲಕ್ಕೆ ತಾಗಿರಲಿ. ಇನ್ನೊಂದು ತುದಿಯನ್ನು ಇಳಿಜಾರಿನ ಕಡೆ ರಸಮಟ್ಟ ನೋಡಿ ಸಮ ಹಿಡಿಯಿರಿ. ಆ ತುದಿಯಿಂದ ನೆಲಕ್ಕೆ ಎಷ್ಟು ಅಂತರ ಇದೆ ಅಳೆಯಿರಿ.

- 1 ಅಡಿ ಇದ್ದರೆ ಸುಮಾರು 6 ಡಿಗ್ರಿ
- 2 ಅಡಿ ಇದ್ದರೆ ಸುಮಾರು 11 ಡಿಗ್ರಿ
- 3 ಅಡಿ ಇದ್ದರೆ ಸುಮಾರು 17 ಡಿಗ್ರಿ

‘ಇಷ್ಟು ಡಿಗ್ರಿವರೆಗೂ ಸೇಫ್’ ಅಂತ ಎಲ್ಲ ಗಾಡಿಗೂ ಒಂದೇ ಅಂಕಿ ಹೇಳೋಕಾಗಲ್ಲ. ಚಕ್ರದ ಅಂತರ, ಟೈರು, ಹಿಂದೆ ಕಟ್ಟಿದ ಸಾಧನ, ಮಣ್ಣಿನ ಹದ ಎಲ್ಲವೂ ಸೇರುತ್ತೆ. ನಿಮ್ಮ ಗಾಡಿಯ ಜೊತೆ ಬಂದ ಪುಸ್ತಕ ಒಂದ್ಸಲ ಓದಿಸಿ ನೋಡಿ. ಒಂದು ಮಾತು ಮಾತ್ರ ಎಲ್ಲರಿಗೂ ಅನ್ವಯ: ಮೇಲಿನ ಕಲ್ಲಿನ ಲೆಕ್ಕ ಸೇರಿಸಿ ನೋಡಿದಾಗ ಭಯ ಅನ್ನಿಸಿದರೆ ಆ ಜಾಗ ಟ್ರಾಕ್ಟರ್‌ಗೆ ಅಲ್ಲ.

ಹೊರಡುವ ಮುನ್ನ ಐದು ನಿಮಿಷ

ಬ್ರೇಕ್ ಪೆಡಲ್: ಟ್ರಾಕ್ಟರ್‌ಗೆ ಎಡ-ಬಲ ಎರಡು ಬ್ರೇಕ್. ಹೊಲದಲ್ಲಿ ಸಾಲಿನ ಕೊನೆಗೆ ತಿರುಗಿಸೋಕೆ ಬೇರೆ ಬೇರೆ ತುಳಿಯೋದು ಸರಿ. ರಸ್ತೆಗೆ ಬಂದಾಗ, ಏರಿಳಿತಕ್ಕೆ ಹೋಗುವಾಗ ಎರಡನ್ನೂ ಸೇರಿಸೋ ಲಾಕ್ ಹಾಕಲೇಬೇಕು. ಇಳಿಜಾರಿನಲ್ಲಿ ಒಂದೇ ಬ್ರೇಕ್ ಮೇಲೆ ಕಾಲು ಬಿದ್ದರೆ ಗಾಡಿ ಗಿರ್ರನೆ ಒಂದು ಕಡೆ ತಿರುಗಿ ಮಗುಚುತ್ತೆ. ಎರಡೂ ಬ್ರೇಕ್ ಸಮ ಹಿಡಿಯುತ್ತಾ ಅಂತ ಸಮತಟ್ಟು ಜಾಗದಲ್ಲೇ ನೋಡ್ಕೊಳ್ಳಿ.

ಟೈರು: ಒಂದು ಕಡೆ ಗಾಳಿ ಕಮ್ಮಿ ಇದ್ದರೆ ಗಾಡಿ ಆಗಲೇ ಆ ಕಡೆ ವಾಲಿರುತ್ತೆ. ಬಟನ್ ಸವೆದ ಟೈರು ಗರಸಿನ ಮೇಲೆ ಹಿಡಿಯಲ್ಲ.

ಚಕ್ರದ ಅಂತರ: ಹಿಂದಿನ ಚಕ್ರಗಳ ಅಂತರ ಕಮ್ಮಿ-ಜಾಸ್ತಿ ಮಾಡೋ ಅವಕಾಶ ನಮ್ಮಲ್ಲಿ ಸಿಗೋ ಸಾಮಾನ್ಯ ಟ್ರಾಕ್ಟರ್‌ಗಳಲ್ಲಿ ಇದೆ. ಅಡಿಕೆ, ದಾಳಿಂಬೆ ತೋಟದ ಸಾಲಿನೊಳಗೆ ಹೋಗಲಿ ಅಂತ ಅಂತರ ಕಮ್ಮಿ ಮಾಡಿಸಿದ್ದರೆ, ಅದೇ ಗಾಡಿಯನ್ನು ದಿಣ್ಣೆ ಹೊಲಕ್ಕೆ ಒಯ್ಯುವ ಮುನ್ನ ಅಗಲ ಮಾಡಿಸಿ.

ಮುಂದಿನ ತೂಕ: ಹಿಂದೆ ಭಾರದ ಸಾಧನ ಕಟ್ಟಿದಾಗ ಮುಂಭಾಗ ಹಗುರಾಗಿ ಸ್ಟೇರಿಂಗ್ ತೇಲಿದ ಹಾಗೆ ಅನ್ನಿಸುತ್ತೆ. ಗಾಡಿಯ ಒಟ್ಟು ತೂಕದಲ್ಲಿ ಕನಿಷ್ಠ 20 ಪಾಲು ಮುಂದಿನ ಚಕ್ರದ ಮೇಲಿರಬೇಕು. ಇಲ್ಲದಿದ್ದರೆ ಮುಂದೆ ಕಬ್ಬಿಣದ ವೇಟ್ ಹಾಕಿಸಿ. ಮಡ್‌ಗಾರ್ಡ್ ಮೇಲೆ ಇಬ್ಬರನ್ನು ಕೂರಿಸಿದರೆ ಮುಂಭಾಗಕ್ಕೆ ತೂಕ ಬರಲ್ಲ, ಮುಂಭಾಗ ಇನ್ನೂ ಹಗುರಾಗುತ್ತೆ.

ಜಾಗ: ಗೊತ್ತಿಲ್ಲದ ಹೊಲವಾದರೆ ಮೊದಲು ನಡೆದು ನೋಡಿ. ಹುಲ್ಲಿನಲ್ಲಿ ಮುಚ್ಚಿಹೋದ ಕೊರಕಲು, ಬಂಡೆ, ಹಳೇ ಬಾವಿಯ ಅಂಚು ಗಾಡಿ ಮೇಲೆ ಕೂತಾಗ ಕಾಣಲ್ಲ. ಬಾಡಿಗೆಗೆ ಕರೆಸಿದ್ದರೆ ಅದನ್ನು ತೋರಿಸೋ ಜವಾಬ್ದಾರಿ ಹೊಲದವರದ್ದು. ಕೃಷಿ ಯಂತ್ರಧಾರೆ ಕೇಂದ್ರದಿಂದ ಬಂದ ಚಾಲಕನಿಗೂ ಅಷ್ಟೇ, ನಿಮ್ಮ ಹೊಲ ಅವನಿಗೆ ಹೊಸದು.

ಏರು ಹತ್ತುವಾಗ

ಗೇರು ಕೆಳಗಡೆಯೇ ಹಾಕಿ. ಅರ್ಧ ಏರಿನಲ್ಲಿ ಗೇರು ಬದಲಾಯಿಸೋಕೆ ಹೋಗಬೇಡಿ. ಕ್ಲಚ್ ಅನ್ನು ನಿಧಾನಕ್ಕೆ ಬಿಡಿ. ಏರಿನಲ್ಲಿ ನಿಂತ ಗಾಡಿಯ ಕ್ಲಚ್ ತಟ್ಟನೆ ಬಿಟ್ಟು ಆಕ್ಸಿಲರೇಟರ್ ಕೊಟ್ಟರೆ ಮುಂದಿನ ಚಕ್ರ ಏಳುತ್ತೆ. ಮೇಲೆ ಹೇಳಿದ ಮುಕ್ಕಾಲು ಸೆಕೆಂಡ್ ಶುರುವಾಗೋದು ಅಲ್ಲಿಂದಲೇ.

ಟ್ರೈಲರ್ ಇಲ್ಲದಾಗ ತುಂಬಾ ಕಡಿದಾದ ದಂಡೆ ಹತ್ತಲೇಬೇಕಾದರೆ ರಿವರ್ಸ್‌ನಲ್ಲಿ ಹತ್ತಿಸಿ. ಇಳಿಯುವಾಗ ಮುಂದಕ್ಕೆ ಇಳಿಸಿ. ಎರಡು ಸಲವೂ ಭಾರವಾದ ಹಿಂಭಾಗ ಮೇಲ್ಗಡೆ ಇರುತ್ತೆ, ಹಿಂದಕ್ಕೆ ಮಗುಚೋ ಭಯ ಇರಲ್ಲ. ಗಾಡಿ ಹತ್ತದೆ ಅರ್ಧಕ್ಕೆ ನಿಂತರೆ ಹಟ ಮಾಡಬೇಡಿ. ಬ್ರೇಕ್ ಹಿಡಿದು, ರಿವರ್ಸ್ ಗೇರ್ ಹಾಕಿ, ಎಂಜಿನ್ ಹಿಡಿತದಲ್ಲೇ ನೇರವಾಗಿ ಹಿಂದೆ ಬನ್ನಿ. ಅಲ್ಲೇ ಅಡ್ಡ ತಿರುಗಿಸೋದು ಎಲ್ಲಕ್ಕಿಂತ ಅಪಾಯ.

ಇಳಿಯುವಾಗ: ನ್ಯೂಟ್ರಲ್ ಬೇಡವೇ ಬೇಡ

ಹತ್ತೋಕೆ ಯಾವ ಗೇರು ಬೇಕೋ ಅದೇ ಗೇರಿನಲ್ಲಿ ಇಳಿಯಬೇಕು. ಗೇರನ್ನು ಇಳಿಜಾರು ಶುರುವಾಗುವ ಮುಂಚೆ, ಸಮತಟ್ಟು ಜಾಗದಲ್ಲೇ ಹಾಕಿಕೊಳ್ಳಿ. ಕ್ಲಚ್ ಮೇಲೆ ಕಾಲಿಡಬೇಡಿ. ಗಾಡಿಯನ್ನು ಹಿಡಿಯಬೇಕಾದ್ದು ಎಂಜಿನ್, ಬ್ರೇಕ್ ಇರೋದು ಅದಕ್ಕೆ ಸಹಾಯಕ್ಕೆ.

ಡೀಸೆಲ್ ಉಳಿಯುತ್ತೆ ಅಂತ ನ್ಯೂಟ್ರಲ್ ಮಾಡಿ ಇಳಿಸುವವರು ಈಗಲೂ ಇದ್ದಾರೆ. ಅಸಲಿಗೆ ಡೀಸೆಲ್ ಉಳಿಯಲ್ಲ. ಗೇರಿನಲ್ಲಿಟ್ಟು ಆಕ್ಸಿಲರೇಟರ್ ಬಿಟ್ಟು ಇಳಿಯುವಾಗ ಚಕ್ರವೇ ಎಂಜಿನ್ ತಿರುಗಿಸುತ್ತೆ, ಪಂಪ್‌ನಿಂದ ಡೀಸೆಲ್ ಹೋಗೋದು ಹೆಚ್ಚುಕಮ್ಮಿ ನಿಂತೇ ಹೋಗುತ್ತೆ. ನ್ಯೂಟ್ರಲ್ ಮಾಡಿದರೆ ಎಂಜಿನ್ ಆರದೇ ಇರೋಕೆ ಡೀಸೆಲ್ ಬೇಕೇ ಬೇಕು. ಇನ್ನು ನ್ಯೂಟ್ರಲ್‌ನಲ್ಲಿ ವೇಗ ಹಿಡಿದ ಟ್ರಾಕ್ಟರ್‌ಗೆ ಮತ್ತೆ ಗೇರು ಬೀಳಲ್ಲ.

ಲೋಡು ಇದ್ದರಂತೂ ಕೇಳೋದೇ ಬೇಡ. ಟ್ರೈಲರ್ ಸೇರಿ 5 ಟನ್ ಇದೆ ಅಂತಿಟ್ಕೊಳ್ಳಿ. ಹತ್ತು ಅಡಿಗೆ ಒಂದು ಅಡಿ ಇಳಿಯೋ ದಾರಿಯಲ್ಲಿ ಆ ಲೋಡು ಸುಮಾರು 500 ಕೆ.ಜಿ. ಬಲದಿಂದ ಟ್ರಾಕ್ಟರ್ ಬೆನ್ನನ್ನು ನೂಕುತ್ತಿರುತ್ತೆ. ಟ್ರೈಲರ್‌ಗೆ ಬ್ರೇಕ್ ಇಲ್ಲ, ಟ್ರಾಕ್ಟರ್ ಬ್ರೇಕ್ ಹಿಡಿಯೋದು ಹಿಂದಿನ ಎರಡು ಚಕ್ರಕ್ಕೆ ಮಾತ್ರ. ಜೋರಾಗಿ ಬ್ರೇಕ್ ತುಳಿದರೆ ಚಕ್ರ ಜಾರಿ, ಟ್ರೈಲರ್ ಪಕ್ಕದಿಂದ ತಿರುಗಿ ಬಂದು ಟ್ರಾಕ್ಟರನ್ನೇ ಉರುಳಿಸುತ್ತೆ. ನಾಲ್ಕು ಚಕ್ರ ಎಳೆಯುವ ಗಾಡಿಯಾದರೆ ಇಳಿಯುವ ಮುನ್ನ ಆ ಲಿವರ್ ಹಾಕಿಕೊಳ್ಳಿ, ಎಂಜಿನ್ ಹಿಡಿತ ಮುಂದಿನ ಚಕ್ರಕ್ಕೂ ಸಿಗುತ್ತೆ.

ಅಡ್ಡ ಉಳುಮೆನಾ, ಉದ್ದ ಉಳುಮೆನಾ?

ಇಲ್ಲಿ ರೈತರಿಗೆ ಒಂದು ಗೊಂದಲ ಇದೆ. ಇಳಿಜಾರಿಗೆ ಅಡ್ಡವಾಗಿ ಉಳಿ, ಮಣ್ಣು ಕೊಚ್ಚಿಹೋಗಲ್ಲ, ನೀರು ಇಂಗುತ್ತೆ ಅಂತ ಕೃಷಿ, ಜಲಾನಯನ ಇಲಾಖೆಯವರು ಹೇಳ್ತಾರೆ. ಅದು ಸರಿಯಾದ ಮಾತು. ಆದರೆ ಟ್ರಾಕ್ಟರ್ ಪಕ್ಕಕ್ಕೆ ಮಗುಚೋದೂ ಅಡ್ಡ ಹೋಗುವಾಗಲೇ.

ಎರಡಕ್ಕೂ ಹೊಂದೋ ದಾರಿ ಇದೆ. ಬದು ಹಾಕಿ ಮಟ್ಟ ಮಾಡಿದ, ಇಳಿಜಾರು ಕಮ್ಮಿ ಇರೋ ಹೊಲದಲ್ಲಿ ಅಡ್ಡ ಉಳುಮೆಯೇ ಮಾಡಿ, ನಿಧಾನಕ್ಕೆ ಮಾಡಿ. ಇಳಿಜಾರು ಜಾಸ್ತಿ ಇದ್ದರೆ ಉದ್ದಕ್ಕೆ ಉತ್ತು ಮಣ್ಣು ಕಳ್ಕೊಳ್ಳೋದೂ ಬೇಡ, ಅಡ್ಡ ಉತ್ತು ಪ್ರಾಣಕ್ಕೆ ಆಪತ್ತು ತಂದ್ಕೊಳ್ಳೋದೂ ಬೇಡ. ಅಂಥ ಜಾಗವನ್ನು ಎತ್ತಿನ ನೇಗಿಲಿಗೆ ಬಿಡಿ, ಇಲ್ಲವೇ ಹುಣಸೆ, ಮಾವು, ಸೀತಾಫಲದಂಥ ಮರಕ್ಕೆ ಬಿಡಿ. ನಮ್ಮ ಭಾಗದ ದಿಣ್ಣೆಗಳಲ್ಲಿ ಹಿರಿಯರು ಹುಣಸೆ ಬೆಳೆಸಿದ್ದು ಸುಮ್ಮನೆ ಅಲ್ಲ.

ಅಡ್ಡ ಹೋಗುವಾಗ ಇಷ್ಟು ಗಮನ ಇರಲಿ:

- ಕಲ್ಟಿವೇಟರ್, ರೋಟವೇಟರ್ ಆದಷ್ಟೂ ಕೆಳಗೇ ಇರಲಿ. ಮೇಲೆತ್ತಿದಷ್ಟೂ ಗಾಡಿಯ ತೂಕ ಮೇಲೇರುತ್ತೆ.
- ಸಾಲಿನ ಕೊನೆಯಲ್ಲಿ ತಿರುಗಿಸುವಾಗ ಮೊದಲು ಆಕ್ಸಿಲರೇಟರ್ ಇಳಿಸಿ. ಸ್ಟೇರಿಂಗನ್ನು ಇಳಿಜಾರಿನ ಕೆಳಗಡೆಗೆ, ಅಗಲವಾಗಿ ತಿರುಗಿಸಿ. ಮೇಲ್ಗಡೆಗೆ ತಟ್ಟನೆ ತಿರುಗಿಸಬೇಡಿ.
- ಮೇಲ್ಬದಿ ಚಕ್ರ ಹಗುರ ಆದಂಗೆ ಅನ್ನಿಸಿದರೆ ಸ್ಟೇರಿಂಗನ್ನು ಕೆಳಗಡೆಗೆ ತಿರುಗಿಸಿ ಗಾಡಿಯನ್ನು ನೇರ ಮಾಡಿಕೊಳ್ಳಿ.

ಕೆರೆ ಏರಿ, ಹಳ್ಳದ ದಂಡೆ, ಕೃಷಿ ಹೊಂಡ

ಇದಕ್ಕೊಂದು ಸುಲಭ ಅಳತೆ ಇದೆ: ಎಷ್ಟು ಆಳವೋ ಅಷ್ಟು ದೂರ. ಹೊಂಡ 10 ಅಡಿ ಆಳ ಇದ್ದರೆ ಅದರ ಅಂಚಿನಿಂದ ಚಕ್ರ ಕನಿಷ್ಠ 10 ಅಡಿ ದೂರ ಇರಬೇಕು. ಅದಕ್ಕಿಂತ ಹತ್ತಿರ ಹೋದರೆ ಗಾಡಿ ತೂಕಕ್ಕೆ ಅಂಚಿನ ಮಣ್ಣೇ ಕುಸಿಯುತ್ತೆ. ಮಳೆ ಬಿದ್ದು ನೆನೆದ ಮಣ್ಣಾದರೆ ಇನ್ನೂ ದೂರ ಇರಿ.

ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ನಮ್ಮ ಹೊಲಗಳಲ್ಲಿ ಹೊಂಡಗಳು ಹೆಚ್ಚಾಗಿವೆ. ಹೊಂಡದ ಸುತ್ತ ಬೇಲಿ ಹಾಕುವಾಗ ಅಂಚಿಗೇ ಹಾಕದೆ ಈ ಅಳತೆ ನೋಡಿ ಹಾಕಿ. ಆಗ ರಾತ್ರಿ ಹೊತ್ತು ಉಳುವವರಿಗೂ ಅದೇ ಗುರುತು.

ಕೆರೆ ಏರಿ ಮೇಲೆ ಎದುರಿಗೆ ಗಾಡಿ ಬಂದರೆ ಲೋಡು ಇರುವವರು ಅಂಚಿಗೆ ಸರಿಯಬೇಡಿ. ಖಾಲಿ ಗಾಡಿಯವರು ಅಗಲ ಇರೋ ಜಾಗಕ್ಕೆ ಹಿಂದೆ ಹೋಗಿ ದಾರಿ ಬಿಡಿ. ಎರಡು ನಿಮಿಷದ ಮರ್ಯಾದೆ ಪ್ರಶ್ನೆಗೆ ಜೀವ ಕೊಡೋದು ಬೇಡ.

ಹೂತುಕೊಂಡ ಗಾಡಿ ತೆಗೆಯುವಾಗ

ಹಿಂದಕ್ಕೆ ಮಗುಚೋ ಅಪಘಾತಗಳಿಗೆ ಎರಡು ದೊಡ್ಡ ಕಾರಣ ಇಲ್ಲಿವೆ.

ಒಂದು, ಎಳೆಯೋ ಸರಪಳಿಯನ್ನು ಎಲ್ಲಿಗೋ ಕಟ್ಟೋದು. ಮರದ ಬೊಡ್ಡೆ, ಬಂಡೆ, ಇನ್ನೊಂದು ಗಾಡಿ ಏನನ್ನೇ ಎಳೆಯಿರಿ, ಸರಪಳಿ ಕೆಳಗಿನ ಡ್ರಾಬಾರ್‌ಗೆ ಮಾತ್ರ ಕಟ್ಟಬೇಕು. ಮೇಲಿನ ಟಾಪ್ ಲಿಂಕ್ ಜಾಗಕ್ಕೆ ಅಥವಾ ಆಕ್ಸಲ್‌ಗೆ ಸುತ್ತಿ ಕಟ್ಟಿದರೆ ಎಳೆದ ಬಲವೆಲ್ಲ ಮುಂಭಾಗವನ್ನು ಮೇಲೆತ್ತೋಕೆ ಹೋಗುತ್ತೆ.

ಎರಡು, ಹೂತ ಹಿಂದಿನ ಚಕ್ರದ ಮುಂದೆ ಮರದ ದಿಮ್ಮಿ ಕೊಡೋದು, ಇಲ್ಲವೇ ಚಕ್ರಕ್ಕೇ ದಿಮ್ಮಿ ಕಟ್ಟೋದು. ಚಕ್ರ ತಿರುಗೋಕೆ ಆಗದೇ ಹೋದರೆ ಎಂಜಿನ್ ಸುಮ್ಮನಿರಲ್ಲ. ಚಕ್ರದ ಬದಲು ಗಾಡಿಯ ದೇಹವನ್ನೇ ಆಕ್ಸಲ್ ಸುತ್ತ ಮೇಲಕ್ಕೆ ತಿರುಗಿಸುತ್ತೆ. ಎಷ್ಟೋ ಜನ ಸತ್ತಿರೋದು ಹೀಗೇ. ಹೂತರೆ ಸನಿಕೆ ತಗೊಂಡು ಚಕ್ರದ ಹಿಂದಿನ ಮಣ್ಣು ತೆಗೆದು ರಿವರ್ಸ್‌ನಲ್ಲಿ ಬನ್ನಿ. ಬರದಿದ್ದರೆ ಇನ್ನೊಂದು ಗಾಡಿ ಕರೆಸಿ ನಿಧಾನಕ್ಕೆ ಎಳೆಸಿ. ನೋಡೋಕೆ ಬಂದವರನ್ನೆಲ್ಲ ದೂರ ಕಳಿಸಿ, ಸರಪಳಿ ತುಂಡಾದರೆ ಗುಂಡಿನ ಹಾಗೆ ಬರುತ್ತೆ.

ಟ್ರೈಲರ್‌ನಲ್ಲಿ ಜನ: ಒಂದೇ ಸಲ ಇಡೀ ಮನೆತನ

ಮದುವೆ, ಜಾತ್ರೆ, ಗಣೇಶನ ವಿಸರ್ಜನೆ, ಕೂಲಿ ಕೆಲಸ ಅಂತ ಟ್ರೈಲರ್‌ನಲ್ಲಿ ಜನ ತುಂಬೋದು ನಮ್ಮಲ್ಲೂ ಇದೆ. ಬೇರೆ ಕಡೆ ಆದದ್ದು ನೋಡಿ. 2022ರ ಅಕ್ಟೋಬರ್ 1ರಂದು ಉತ್ತರ ಪ್ರದೇಶದ ಕಾನ್ಪುರ ಜಿಲ್ಲೆಯ ಘಾಟಂಪುರದ ಬಳಿ, ದೇವಸ್ಥಾನದಿಂದ ವಾಪಸ್ ಬರುತ್ತಿದ್ದ ಟ್ರಾಕ್ಟರ್ ಟ್ರಾಲಿ ಕೆರೆಗೆ ಮಗುಚಿ 26 ಜನ ಸತ್ತರು. ಹೆಚ್ಚಿನವರು ಹೆಂಗಸರು, ಮಕ್ಕಳು. 2025ರ ಏಪ್ರಿಲ್ 4ರಂದು ಮಹಾರಾಷ್ಟ್ರದ ನಾಂದೇಡ್ ಜಿಲ್ಲೆಯಲ್ಲಿ ಅರಿಶಿನ ಹೊಲದ ಕೂಲಿಗೆ ಹೊರಟಿದ್ದ ಮಹಿಳೆಯರಿದ್ದ ಟ್ರಾಕ್ಟರ್ ಬಾವಿಗೆ ಬಿದ್ದು 7 ಜನ ತೀರಿಕೊಂಡರು. ಅದೇ ವರ್ಷ ಅಕ್ಟೋಬರ್ 2ರಂದು ಮಧ್ಯಪ್ರದೇಶದ ಖಂಡ್ವಾ ಜಿಲ್ಲೆಯಲ್ಲಿ ದುರ್ಗಾ ಮೂರ್ತಿ ವಿಸರ್ಜನೆಗೆ ಹೊರಟಿದ್ದ ಟ್ರಾಲಿ ನೀರಿಗೆ ಉರುಳಿ 11 ಜನ ಸತ್ತರು.

ದೂರದ ಮಾತೇ ಬೇಡ. 2022ರ ಮಾರ್ಚ್ 19ರಂದು ಪಾವಗಡ ತಾಲ್ಲೂಕಿನ ಪಳವಳ್ಳಿ ಬಳಿ ಕಿಕ್ಕಿರಿದ ಖಾಸಗಿ ಬಸ್ ಮಗುಚಿ ವಿದ್ಯಾರ್ಥಿಗಳೂ ಸೇರಿ ಹಲವರು ಪ್ರಾಣ ಕಳ್ಕೊಂಡಿದ್ದನ್ನು ನಮ್ಮ ಭಾಗದ ಯಾರೂ ಮರೆತಿಲ್ಲ. ಬಸ್ಸಿಗೆ ಸೀಟು, ಚಾವಣಿ, ಬ್ರೇಕ್ ಎಲ್ಲ ಇರುತ್ತೆ. ಟ್ರೈಲರ್‌ಗೆ ಯಾವುದೂ ಇಲ್ಲ. ಜನ ನಿಂತ ಟ್ರೈಲರ್‌ನಲ್ಲಿ ತೂಕ ಮೇಲಿರುತ್ತೆ, ತಿರುವಿನಲ್ಲಿ ಎಲ್ಲರೂ ಒಂದೇ ಕಡೆ ವಾಲುತ್ತಾರೆ.

ರಾಗಿ ಹುಲ್ಲು, ಕಡಲೆಕಾಯಿ ಬಳ್ಳಿ ಹೇರಿದಾಗಲೂ ಇದೇ ಕಥೆ. ತೂಕ ಕಮ್ಮಿ ಅಂತ ಎತ್ತರಕ್ಕೆ ಹೇರ್ತೀವಿ, ಅದರ ಮೇಲೆ ಇಬ್ಬರು ಹತ್ತಿ ಕೂರ್ತಾರೆ. ಹೊಲದಿಂದ ರಸ್ತೆಗೆ ಹತ್ತೋ ಆ ನಾಲ್ಕು ಮಾರಿನಲ್ಲೇ ಅದು ಮಗುಚೋದು.

ಅಂಗಡಿಯವರು, ಕಟ್ಟಡ ಸಾಮಗ್ರಿ ವ್ಯಾಪಾರಿಗಳು ಗಮನಿಸಿ

- ಸಿಮೆಂಟ್, ಗೊಬ್ಬರ, ಇಟ್ಟಿಗೆ ಇಳಿಸೋಕೆ ಟ್ರಾಕ್ಟರ್‌ನ ಏರಿನ ರಸ್ತೆಯಲ್ಲಿ ನಿಲ್ಲಿಸಬೇಡಿ. ಬೇರೆ ದಾರಿ ಇಲ್ಲದಿದ್ದರೆ ಹ್ಯಾಂಡ್ ಬ್ರೇಕ್ ಹಾಕಿಸಿ, ಎಂಜಿನ್ ಆರಿಸಿ ಗೇರಿನಲ್ಲಿ ಬಿಡಿಸಿ, ಟ್ರೈಲರ್ ಚಕ್ರಕ್ಕೂ ದಪ್ಪ ಕಲ್ಲು ಕೊಡಿಸಿ. ಕಲ್ಲು ಇಡೋವರೆಗೂ ಹಮಾಲರು ಟ್ರೈಲರ್ ಹಿಂದೆ ಹೋಗಬಾರದು.
- ಇಳಿಜಾರಿನಲ್ಲಿ ನಿಂತ ಟ್ರೈಲರ್‌ನ ಕೊಂಡಿ ಬಿಚ್ಚಿಸಲೇಬೇಡಿ.
- ಟಿಪ್ಪಿಂಗ್ ಟ್ರೈಲರನ್ನು ಓರೆ ಜಾಗದಲ್ಲಿ ಎತ್ತಿದರೆ ಟ್ರೈಲರ್ ಮಗ್ಗುಲಾಗುತ್ತೆ. ಜಲ್ಲಿ ಸುರಿಸೋ ಜಾಗ ಮೊದಲೇ ಮಟ್ಟ ಮಾಡಿಸಿ.
- ಹಾರ್ಡ್‌ವೇರ್ ಅಂಗಡಿಯವರು ಟ್ರೈಲರ್ ಕೊಂಡಿಯ ಪಿನ್ ಮಾರುವಾಗ ಅದರ ಲಾಕ್ ಕ್ಲಿಪ್ ಕೂಡ ಕೈಗೆ ಕೊಡಿ. ಪಿನ್ ಬದಲು ಕಬ್ಬಿಣದ ಸರಳಿನ ತುಂಡು ಹಾಕಿ ಓಡಿಸುವವರು ಬಹಳ ಇದ್ದಾರೆ. ಏರಿನಲ್ಲಿ ಅದು ಜಿಗಿದರೆ ಲೋಡು ಹಿಂದೆ ಬರುವವರ ಮೇಲೆ ಬರುತ್ತೆ.

ರಕ್ಷಣಾ ಚೌಕಟ್ಟು: ಟಾಪ್ ಬೇರೆ, ಇದು ಬೇರೆ

ಗಾಡಿ ಮಗುಚಿದರೂ ಚಾಲಕನಿಗೆ ಜಾಗ ಉಳಿಸೋ ಗಟ್ಟಿ ಉಕ್ಕಿನ ಚೌಕಟ್ಟು ಬರುತ್ತೆ. ಸ್ವೀಡನ್ ದೇಶ 1959ರಲ್ಲೇ ಹೊಸ ಟ್ರಾಕ್ಟರ್‌ಗಳಿಗೆ ಇದನ್ನು ಕಡ್ಡಾಯ ಮಾಡಿತು. ಚೌಕಟ್ಟಿನ ಗಾಡಿಗಳು ಹೆಚ್ಚಾದ ಹಾಗೆ ಅಲ್ಲಿ ಟ್ರಾಕ್ಟರ್ ಮಗುಚಿ ಸಾಯುವವರು ಇಲ್ಲವೇ ಇಲ್ಲ ಅನ್ನೋ ಮಟ್ಟಕ್ಕೆ ಬಂದರು. ನಮ್ಮಲ್ಲಿ ಓಡಾಡೋ ಹೆಚ್ಚಿನ ಗಾಡಿಗಳಿಗೆ ಇದು ಇಲ್ಲ. ಹೊಸ ಗಾಡಿ ಕೊಳ್ಳುವಾಗ ಮ್ಯೂಸಿಕ್ ಸಿಸ್ಟಮ್, ಬಂಪರ್ ಕೇಳೋ ಜೊತೆಗೆ ಇದನ್ನೂ ಕೇಳಿ.

ಎರಡು ವಿಷಯ ನೆನಪಿರಲಿ. ಲೋಕಲ್ ವೆಲ್ಡಿಂಗ್ ಶಾಪ್‌ನಲ್ಲಿ ನೆರಳಿಗೆ ಹಾಕಿಸೋ ತಗಡಿನ ಟಾಪ್ ರಕ್ಷಣಾ ಚೌಕಟ್ಟು ಅಲ್ಲ, ಎರಡು ಟನ್ ತೂಕಕ್ಕೆ ಅದು ಅಪ್ಪಚ್ಚಿ. ಇನ್ನೊಂದು, ಸೀಟ್ ಬೆಲ್ಟ್ ಹಾಕಬೇಕಾದ್ದು ಚೌಕಟ್ಟು ಇರುವ ಗಾಡಿಯಲ್ಲಿ ಮಾತ್ರ. ಚೌಕಟ್ಟು ಇಲ್ಲದ ಗಾಡಿಗೆ ಬೆಲ್ಟ್ ಹಾಕಿಕೊಂಡರೆ ಗಾಡಿಯ ಕೆಳಗೇ ಸಿಕ್ಕಿಹಾಕಿಕೊಳ್ಳುತ್ತೀರಿ.

ಲೈಸೆನ್ಸ್, ಇನ್ಶೂರೆನ್ಸ್: ಆಮೇಲೆ ಅಳುವ ಬದಲು

‘ನಮ್ಮ ಹೊಲ, ನಮ್ಮ ಗಾಡಿ’ ಅಂತ ಹುಡುಗರ ಕೈಗೆ ಸ್ಟೇರಿಂಗ್ ಕೊಡಬೇಡಿ. 18 ತುಂಬದವರು ರಸ್ತೆಯಲ್ಲಿ ಗಾಡಿ ಓಡಿಸಿ ಸಿಕ್ಕಿಬಿದ್ದರೆ, 2019ರ ತಿದ್ದುಪಡಿ ಪ್ರಕಾರ ಪೋಷಕರಿಗೆ ಅಥವಾ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ರೂ. ದಂಡ, ಗಾಡಿಯ ನೋಂದಣಿ 12 ತಿಂಗಳು ರದ್ದು. ಲೈಸೆನ್ಸ್ ಇಲ್ಲದವರು ಮಧುಗಿರಿ ಎಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ ಮಾಡಿಸಿಕೊಳ್ಳಿ.

ಟ್ರೈಲರ್‌ನಲ್ಲಿ ಕೂತವರಿಗೆ ಏನಾದರೂ ಆದರೆ ವಿಮಾ ಕಂಪನಿ ಕೊಡುತ್ತೆ ಅಂತ ನಂಬಬೇಡಿ. ಇಟ್ಟಿಗೆ ಗೂಡಿಗೆ ಮಣ್ಣು ಸಾಗಿಸುತ್ತಿದ್ದ ಟ್ರಾಲಿಯಲ್ಲಿ ಕೂತಿದ್ದ ಕೂಲಿಕಾರನ ಪ್ರಕರಣವೊಂದು 2007ರಲ್ಲಿ ಸುಪ್ರೀಂ ಕೋರ್ಟ್‌ನಲ್ಲಿ ತೀರ್ಮಾನ ಆಯ್ತು. ಗಾಡಿಗೆ ಇನ್ಶೂರೆನ್ಸ್ ಇದ್ದದ್ದು ಕೃಷಿ ಕೆಲಸಕ್ಕೆ, ಹೀಗಾಗಿ ಕಂಪನಿ ಹೊಣೆ ಅಲ್ಲ ಅಂತ ಕೋರ್ಟ್ ಹೇಳಿತು. ಬಡವನಿಗೆ ಅನ್ಯಾಯ ಆಗಬಾರದು ಅಂತ ಕಂಪನಿಯಿಂದ ಹಣ ಕೊಡಿಸಿ, ಆ ಹಣವನ್ನು ಮಾಲೀಕನಿಂದ ವಸೂಲಿ ಮಾಡೋಕೆ ಅವಕಾಶ ಕೊಟ್ಟಿತು. ಕೊನೆಗೆ ಹೊರೆ ಬಿದ್ದದ್ದು ಮಾಲೀಕನ ಮೇಲೆ. ಟ್ರೈಲರ್‌ಗೆ ಬೇರೆ ಇನ್ಶೂರೆನ್ಸ್ ಇದೆಯಾ, ಕೂಲಿಯವರಿಗೆ ಕವರ್ ಇದೆಯಾ ಅಂತ ಪಾಲಿಸಿ ಮಾಡಿಸುವಾಗಲೇ ಕೇಳಿ. ಮಾಲೀಕನೇ ಓಡಿಸುವುದಾದರೆ 15 ಲಕ್ಷ ರೂ. ವೈಯಕ್ತಿಕ ಅಪಘಾತ ವಿಮೆ ಪಾಲಿಸಿಯಲ್ಲಿ ಇದೆಯಾ ನೋಡಿ, ಅದಕ್ಕೆ ಲೈಸೆನ್ಸ್ ಇರಲೇಬೇಕು.

ಇನ್ನೊಂದು ಸುಲಭದ್ದು: ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆ. 18ರಿಂದ 70 ವರ್ಷದವರು, ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 20 ರೂ. ಅಪಘಾತದಲ್ಲಿ ತೀರಿಕೊಂಡರೆ 2 ಲಕ್ಷ ರೂ. ಪ್ರತಿ ವರ್ಷ ಜೂನ್ 1ರ ಹೊತ್ತಿಗೆ ಖಾತೆಯಲ್ಲಿ ಹಣ ಇರಲಿ.

ಮಗುಚಿದ್ದು ಕಂಡರೆ

ಮೊದಲು 112 ಅಥವಾ 108ಕ್ಕೆ ಫೋನ್ ಮಾಡಿ, ಊರು, ಸರ್ವೆ ದಾರಿ, ಹತ್ತಿರದ ಗುರುತು ಸ್ಪಷ್ಟವಾಗಿ ಹೇಳಿ. ಎಂಜಿನ್ ಆರಿಸಿ. ಡೀಸೆಲ್ ಸೋರುತ್ತಿರುತ್ತೆ, ಬೀಡಿ-ಸಿಗರೇಟು ದೂರ. ಗಾಡಿ ಇನ್ನೂ ಉರುಳದ ಹಾಗೆ ಕಲ್ಲು, ದಿಮ್ಮಿ ಕೊಡಿ. ಎಲ್ಲರೂ ಸೇರಿ ಒಂದೇ ಏಟಿಗೆ ಎತ್ತೋದು, ಇನ್ನೊಂದು ಟ್ರಾಕ್ಟರ್‌ನಿಂದ ಆತುರಕ್ಕೆ ಎಳೆಯೋದು ಬೇಡ. ಜಾರಿ ಮತ್ತೆ ಅವರ ಮೇಲೇ ಬೀಳಬಹುದು. ಬೆನ್ನು, ಕುತ್ತಿಗೆಗೆ ಪೆಟ್ಟಾದವರನ್ನು ಕೈಕಾಲು ಹಿಡಿದು ಎಳೆಯಬೇಡಿ. ರಕ್ತ ಹೋಗ್ತಿದ್ದರೆ ಶುದ್ಧ ಬಟ್ಟೆಯಿಂದ ಒತ್ತಿ ಹಿಡಿಯಿರಿ.

ಪೊಲೀಸ್ ಕೇಸಿಗೆ ಹೆದರಿ ದೂರ ನಿಲ್ಲಬೇಡಿ. ಮೋಟಾರು ವಾಹನ ಕಾಯ್ದೆಯ 134ಎ ಸೆಕ್ಷನ್ ಸಹಾಯ ಮಾಡಿದವರಿಗೆ ರಕ್ಷಣೆ ಕೊಟ್ಟಿದೆ. ನಿಮ್ಮ ಹೆಸರು, ವಿಳಾಸ ಹೇಳಲೇಬೇಕು ಅಂತಿಲ್ಲ.

ಶೆಡ್ಡಿನ ಗೋಡೆಗೆ ಬರೆದಿಡಿ

1. ಎರಡೂ ಬ್ರೇಕ್ ಪೆಡಲ್ ಲಾಕ್.
2. ಹತ್ತುವ ಗೇರಿನಲ್ಲೇ ಇಳಿಯೋದು, ನ್ಯೂಟ್ರಲ್ ಇಲ್ಲ.
3. ಸಾಧನ ಕೆಳಗೆ, ವೇಗ ಕಮ್ಮಿ, ತಿರುವು ಅಗಲ.
4. ಹೊಂಡ ಎಷ್ಟು ಆಳವೋ ಅಷ್ಟು ದೂರ.
5. ಸರಪಳಿ ಡ್ರಾಬಾರ್‌ಗೆ ಮಾತ್ರ.
6. ಒಂದು ಸೀಟು, ಒಬ್ಬನೇ ಮನುಷ್ಯ.

ಆರನೆಯದೇ ಪಾಲಿಸೋಕೆ ಕಷ್ಟ. ಸ್ಕೂಲಿಂದ ಬಂದ ಮಗ ‘ಅಪ್ಪಾ, ನಾನೂ ಒಂದು ರೌಂಡ್ ಬರ್ತೀನಿ’ ಅಂದಾಗ ಬೇಡ ಅನ್ನೋಕೆ ಯಾರಿಗೂ ಮನಸ್ಸು ಬರಲ್ಲ. ಅವತ್ತು ಬೇಡ ಅನ್ನಿ. ಅವನು ಅತ್ತರೆ ಅಳಲಿ, ಸಂಜೆ ಹೊತ್ತಿಗೆ ಮರೀತಾನೆ.